ಮಲೆನಾಡಿನ ಮನೆಗೆ ತಲೆದಿಂಬು ಆರಿಸುವುದು ಹೇಗೆ: ಅಳತೆಯಿಂದ ಮಳೆಗಾಲದ ಆರೈಕೆಯವರೆಗೆ

ದಿಂಬಿನ ಮೇಲೆ ದಿಂಬು ಬದಲಾಯಿಸಿದರೂ ಕತ್ತು ನೋವು ಹೋಗಲಿಲ್ಲ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ಕೇಳಿ ನೋಡಿದರೆ ಎಲ್ಲರದೂ ಒಂದೇ ಕ್ರಮ: ಅಂಗಡಿಗೆ ಹೋಗುವುದು, ಪೇರಿಸಿಟ್ಟ ದಿಂಬುಗಳನ್ನು ಅಂಗೈಯಲ್ಲಿ ಒತ್ತುವುದು, ಮೆತ್ತಗೆ ಕಂಡದ್ದನ್ನು ಎತ್ತಿಕೊಂಡು ಬರುವುದು. ಕತ್ತಿಗೆ ಮೊದಲು ಬೇಕಿರುವುದು ಎತ್ತರ. ತಲೆಯ ಭಾರ ಬಿದ್ದ ಮೇಲೆ ಉಳಿಯುವ ಎತ್ತರ. ಅದನ್ನು ಅಂಗೈ ಹೇಳಲಾರದು.

ಎರಡನೆಯ ತೊಂದರೆ ಮಲೆನಾಡಿಗೇ ಅಂಟಿಕೊಂಡದ್ದು. ಏಪ್ರಿಲ್‌ನಲ್ಲಿ ಕೊಂಡ ದಿಂಬು ಆರಿದ್ರಾ ಮಳೆ ಹಿಡಿಯುವವರೆಗೆ ಸುಖವಾಗಿರುತ್ತದೆ. ಪುಷ್ಯ ಬರುವಷ್ಟರಲ್ಲಿ ಮುಗ್ಗಲು ವಾಸನೆ, ಆಶ್ಲೇಷದಲ್ಲಿ ಕಪ್ಪು ಚುಕ್ಕಿ. ಹಾಗಾಗಿ ಕೆಲಸದ ಸರದಿಯನ್ನು ತಿರುಗಿಸಿ. ಮೊದಲು ಮಲಗುವ ಭಂಗಿ, ಆಮೇಲೆ ಎತ್ತರ, ಆಮೇಲೆ ಒಳಗೆ ತುಂಬಿರುವ ವಸ್ತು, ಎಲ್ಲಕ್ಕಿಂತ ಕೊನೆಗೆ ಅಂಗಡಿ.

ಬೇಕಾಗುವ ಸಾಮಾನು

ದರ್ಜಿಯ ಟೇಪು ಅಥವಾ ಮಕ್ಕಳ ಸ್ಕೇಲು, ನಾಲ್ಕೈದು ಹಳೆಯ ಬೆಡ್‌ಶೀಟ್ ಅಥವಾ ಪಂಚೆ, ಗಟ್ಟಿ ರಟ್ಟಿನ ಒಂದು ಪುಸ್ತಕ, 5 ಕೆ.ಜಿ. ಅಕ್ಕಿಯ ಚೀಲ, ಫೋನಿನ ಕ್ಯಾಮೆರಾ. ಜೊತೆಗೆ ಅಳತೆ ಹಿಡಿಯಲು ಮನೆಯವರೊಬ್ಬರು. ಒಬ್ಬರೇ ಅಳೆದುಕೊಂಡರೆ ಟೇಪು ನೋಡಲು ತಲೆ ವಾಲುತ್ತದೆ, ಅಳತೆ ಕೆಡುತ್ತದೆ.

ಹಂತ 1: ಭಂಗಿ ಗೊತ್ತುಮಾಡಿಕೊಳ್ಳಿ

"ನಾನು ಅಂಗಾತ ಮಲಗುತ್ತೇನೆ" ಎನ್ನುವವರು ಹೇಳುವುದು ನಿದ್ದೆ ಹತ್ತುವ ಮುಂಚಿನ ಭಂಗಿಯನ್ನು. ಲೆಕ್ಕಕ್ಕೆ ಬರುವುದು ಬೆಳಗಿನ ಜಾವ ಎಚ್ಚರವಾದಾಗ ಇರುವ ಭಂಗಿ. ಒಂದು ವಾರ ಅದನ್ನೇ ಗಮನಿಸಿ. ಮಗ್ಗುಲಾಗಿ, ಅಂಗಾತ, ಬೋರಲಾಗಿ, ಈ ಮೂರರಲ್ಲಿ ಯಾವುದು ಹೆಚ್ಚು ಹೊತ್ತು ಎಂದು ತಿಳಿದರೆ ಸಾಕು. ರಾತ್ರಿಯಿಡೀ ಹೊರಳಾಡುವವರು ಮಗ್ಗುಲಿನ ಅಳತೆಯನ್ನು ಹಿಡಿದು, ಒತ್ತಿದರೆ ತಗ್ಗುವಂಥ ದಿಂಬನ್ನು ನೋಡಬೇಕು.

ಹಾಸಿಗೆ ಯಾವುದು ಎಂಬುದನ್ನೂ ಈಗಲೇ ನೆನಪಿಟ್ಟುಕೊಳ್ಳಿ. ಚಾಪೆ, ತೆಂಗಿನ ನಾರಿನ ಹಾಸಿಗೆ, ಹಳೆಯ ಹತ್ತಿ ಹಾಸಿಗೆಗಳ ಮೇಲೆ ಭುಜ ಅಷ್ಟಾಗಿ ಇಳಿಯುವುದಿಲ್ಲ. ದಪ್ಪ ಫೋಮಿನಲ್ಲಿ ಭುಜ ಇಳಿಯುತ್ತದೆ, ಅಷ್ಟರ ಮಟ್ಟಿಗೆ ತಲೆ ಹಾಸಿಗೆಗೆ ಹತ್ತಿರವಾಗುತ್ತದೆ. ಮಂಚಕ್ಕೆ ಹೊಸ ಹಾಸಿಗೆ ಬಂದ ಕೂಡಲೇ ಹಳೆಯ ದಿಂಬು ಇದ್ದಕ್ಕಿದ್ದಂತೆ ಎತ್ತರ ಅನ್ನಿಸುವುದು ಇದಕ್ಕೇ.

ಹಂತ 2: ಗೋಡೆಗೆ ನಿಂತು ಅಳತೆ ತೆಗೆಯಿರಿ

ಮಗ್ಗುಲಾಗಿ ಮಲಗುವವರು ಗೋಡೆಗೆ ಒಂದು ಭುಜ ತಾಗಿಸಿ ನಿಲ್ಲಬೇಕು. ಭುಜ ಎತ್ತಬಾರದು, ಗೋಡೆಗೆ ಒರಗಬಾರದು, ನೋಟ ನೇರವಾಗಿರಬೇಕು. ಆಗ ಗೋಡೆಗೂ ಕೆನ್ನೆಯ ಮೂಳೆಗೂ ನಡುವೆ ಎಷ್ಟು ಅಂತರವಿದೆ ಎಂದು ಮನೆಯವರು ಅಳೆಯಲಿ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 4ರಿಂದ 6 ಇಂಚು. ತೋಟದ ಕೆಲಸ ಮಾಡಿ ಭುಜ ಅಗಲವಾದವರಿಗೆ ಇನ್ನೂ ತುಸು ಜಾಸ್ತಿ ಬರಬಹುದು.

ಅಂಗಾತ ಮಲಗುವವರು ಗೋಡೆಗೆ ಬೆನ್ನು ತಾಗಿಸಿ ನಿಂತು ತಲೆಯ ಹಿಂಬದಿಗೂ ಗೋಡೆಗೂ ಇರುವ ಅಂತರವನ್ನು ಅಳೆಸಿಕೊಳ್ಳಬೇಕು. ಇಲ್ಲಿ ಆಗುವ ತಪ್ಪು ಒಂದೇ, ಶಾಲೆಯಲ್ಲಿ ಎತ್ತರ ಅಳೆಯುವಾಗಿನ ಅಭ್ಯಾಸದಿಂದ ತಲೆಯನ್ನು ಗೋಡೆಗೆ ಒತ್ತಿಬಿಡುವುದು. ತಲೆ ಸಹಜವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲೇ ಇರಲಿ. ಹೆಚ್ಚಿನವರಿಗೆ 1ರಿಂದ 3 ಇಂಚು ಬರುತ್ತದೆ. ಬೆನ್ನು ಬಾಗಿದ ಹಿರಿಯರಿಗೆ ಇನ್ನೂ ಹೆಚ್ಚು ಬರುತ್ತದೆ. "ವಯಸ್ಸಾದವರಿಗೆ ತೆಳು ದಿಂಬೇ ಒಳ್ಳೆಯದು" ಎಂದು ಅಜ್ಜಿಯ ದಿಂಬನ್ನು ಕಿತ್ತುಕೊಳ್ಳುವ ಮೊದಲು ಈ ಅಳತೆ ತೆಗೆದು ನೋಡಿ.

ಬೋರಲು ಮಲಗುವವರಿಗೆ ಅಳತೆಯೇ ಬೇಡ. ಆ ಭಂಗಿಯಲ್ಲಿ ಕತ್ತು ರಾತ್ರಿಯಿಡೀ ಒಂದು ಕಡೆಗೆ ತಿರುಗಿಯೇ ಇರುತ್ತದೆ. ದಿಂಬು ಇಲ್ಲದಿದ್ದರೂ ಸರಿ, ಇದ್ದರೆ 2 ಇಂಚಿನೊಳಗಿನ ತೆಳುವಾದದ್ದು.

ಗಟ್ಟಿ ಹಾಸಿಗೆಯವರು ಬಂದ ಅಳತೆಯನ್ನು ಹಾಗೇ ಇಟ್ಟುಕೊಳ್ಳಿ. ಮೆತ್ತನೆಯ ಹಾಸಿಗೆಯಾದರೆ ಅರ್ಧದಿಂದ ಒಂದು ಇಂಚು ಕಳೆಯಿರಿ.

ಹಂತ 3: ಕಾಸು ಖರ್ಚಿಲ್ಲದ ಬೆಡ್‌ಶೀಟ್ ಪರೀಕ್ಷೆ

ಇದನ್ನು ಬಿಟ್ಟು ನೇರ ಅಂಗಡಿಗೆ ಓಡುವವರೇ ಹೆಚ್ಚು. ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಕಾರ ಮಾಡುವ ಹಂತವೂ ಇದೇ.

ಬೆಡ್‌ಶೀಟುಗಳನ್ನು ದಿಂಬಿನ ಅಗಲಕ್ಕೆ ಬಿಗಿಯಾಗಿ ಮಡಚಿ, ಒಂದರ ಮೇಲೊಂದು ಇಟ್ಟು, ನಿಮ್ಮ ಅಳತೆಯ ಎತ್ತರಕ್ಕೆ ತನ್ನಿ. ಎತ್ತರ ನೋಡುವಾಗ ಮೇಲೆ ಪುಸ್ತಕ ಇಟ್ಟು ಒತ್ತಿ ಹಿಡಿದು ಅಳೆಯಿರಿ. ಅದರ ಮೇಲೆ ಎಂದಿನಂತೆ ಮಲಗಿ. ಭುಜ ಹಾಸಿಗೆಯ ಮೇಲಿರಬೇಕು, ಕತ್ತು ಮತ್ತು ತಲೆ ಮಾತ್ರ ದಿಂಬಿನ ಮೇಲೆ. ಭುಜವನ್ನೂ ದಿಂಬಿನ ಮೇಲೇರಿಸಿ ಮಲಗಿದರೆ ತೆಗೆದ ಅಳತೆಯೆಲ್ಲ ದಂಡ.

ಮಗ್ಗುಲಾಗಿ ಮಲಗಿದಾಗ ಮನೆಯವರು ಎದುರಿನಿಂದ ಒಂದು ಫೋಟೊ ತೆಗೆಯಲಿ. ಮೂಗು, ಗದ್ದ, ಎದೆಯ ನಡುಭಾಗ ಮೂರೂ ಹಾಸಿಗೆಗೆ ಸಮಾನಾಂತರವಾಗಿ ಒಂದೇ ಗೆರೆಯಲ್ಲಿ ಬಂದರೆ ಎತ್ತರ ಸರಿ. ಮೂಗು ಹಾಸಿಗೆಯ ಕಡೆ ಇಳಿದಿದ್ದರೆ ಒಂದು ಮಡಿಕೆ ಸೇರಿಸಿ, ಮೇಲಕ್ಕೆ ಎದ್ದಿದ್ದರೆ ಒಂದು ಮಡಿಕೆ ತೆಗೆಯಿರಿ. ಅಂಗಾತ ಮಲಗುವವರ ಫೋಟೊ ಪಕ್ಕದಿಂದ. ಗದ್ದ ಎದೆಗೆ ಬಗ್ಗಿರಬಾರದು, ಸೂರಿನ ಕಡೆ ಎದ್ದಿರಲೂಬಾರದು.

ಮೂರು ನಾಲ್ಕು ರಾತ್ರಿ ಅದರ ಮೇಲೇ ಮಲಗಿ. ಗಟ್ಟಿ ಅನ್ನಿಸುತ್ತದೆ, ಅನ್ನಿಸಲಿ. ಇಲ್ಲಿ ನೋಡುತ್ತಿರುವುದು ಎತ್ತರ, ಸುಖವಲ್ಲ. ಬೆಳಿಗ್ಗೆ ಮೈ ಕೊಡುವ ಸೂಚನೆಗಳು ಹೀಗಿವೆ:

ಮಗ್ಗುಲಾಗಿ ಮಲಗಿ ಎದ್ದಾಗ ಕತ್ತಿನ ಮೇಲ್ಬದಿ ಸೆಳೆಯುತ್ತಿದ್ದರೆ, ಕೆಳಗಿನ ಭುಜ ನೋಯುತ್ತಿದ್ದರೆ, ಕೈ ಜೋಮು ಹಿಡಿದಿದ್ದರೆ ಎತ್ತರ ಸಾಲದು. ಕೈಯನ್ನು ದಿಂಬಿನ ಅಡಿಗೆ ತೂರಿಸಿ ಮಲಗುವ ಅಭ್ಯಾಸವೂ ಎಷ್ಟೋ ಸಲ ಇದನ್ನೇ ಹೇಳುತ್ತಿರುತ್ತದೆ.

ಹಾಸಿಗೆಗೆ ತಾಗಿದ ಬದಿಯ ಕತ್ತು ಸೆಳೆದರೆ ಎತ್ತರ ಜಾಸ್ತಿ. ಅಂಗಾತ ಮಲಗುವವರಿಗೆ ಹಿಂಗತ್ತು ಬಿಗಿದು ಗೊರಕೆ ಹೆಚ್ಚಾಯಿತೆಂದು ಮನೆಯವರು ದೂರಿದರೆ ಅದೂ ಎತ್ತರದ್ದೇ ದೂರು.

ಸರಿಹೊಂದಿದ ಎತ್ತರವನ್ನು ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಜೇಬಿನಲ್ಲಿರಬೇಕಾದ ಚೀಟಿ ಅದು.

ಹಂತ 4: ಒಳಗೆ ಏನು ತುಂಬಿರಬೇಕು

ಊರು ಕೇಳದೆ ಇದನ್ನು ಹೇಳಲು ಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆಯಾದರೂ ತೀರ್ಥಹಳ್ಳಿ, ಹೊಸನಗರದ ಮನೆಗೆ ಹೊಂದುವ ದಿಂಬು ಭದ್ರಾವತಿ, ಶಿಕಾರಿಪುರದ ಮನೆಗೆ ಬೇಕೆಂದೇನೂ ಇಲ್ಲ.

ಹತ್ತಿ: ಗಟ್ಟಿಯಾಗಿ, ತಂಪಾಗಿ ಇರುತ್ತದೆ. ಹೊಲಿಗೆ ಬಿಚ್ಚಿ ಒಂದು ಹಿಡಿ ತೆಗೆಯಬಹುದು, ಸೇರಿಸಬಹುದು. ಗಂಟು ಕಟ್ಟಿದರೆ ಹಿಂಜಿಸಿ ಮತ್ತೆ ತುಂಬಿಸಬಹುದು. ಅಂಗಾತ ಮಲಗಿ ತೆಳು ದಿಂಬು ಬಯಸುವವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೊರತೆ ಒಂದೇ, ತೇವ. ನೂಲಿನವರ ಲೆಕ್ಕದಲ್ಲಿ 65% ಆರ್ದ್ರತೆಯ ಗಾಳಿಯಲ್ಲಿ ಒಣ ಹತ್ತಿ ತನ್ನ ತೂಕದ ಸುಮಾರು 8.5%ರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಗಾಳಿಯಲ್ಲಿ ಪಾಲಿಯೆಸ್ಟರ್ ಹಿಡಿಯುವುದು 0.4% ಮಾತ್ರ. ಜುಲೈನ ಘಟ್ಟದಂಚಿನ ಗಾಳಿ 65ಕ್ಕೆ ನಿಲ್ಲುವುದಿಲ್ಲ. ಸೋನೆ ಹಿಡಿದು ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಹತ್ತಿ ದಿಂಬು ಬೂಷ್ಟು ಹಿಡಿಯುವುದಕ್ಕೆ ಹತ್ತಿಯನ್ನು ದೂರಿ ಫಲವಿಲ್ಲ.

ಬೂರುಗದ ಹತ್ತಿ: ಬೇಸಿಗೆಯಲ್ಲಿ ಕಾಯಿ ಒಡೆಯುವಾಗ ಮರದಡಿ ಆಯ್ದು ತಂದು ತುಂಬಿಸುವ ಮನೆಗಳು ಈಗಲೂ ಇವೆ. ಎಳೆಯ ಒಳಗೆಲ್ಲ ಗಾಳಿ, ಹೊರಗೆ ಮೇಣದ ಪದರ. ಹಾಗಾಗಿ ತುಂಬಾ ಹಗುರ, ನೀರು ಬೇಗ ಹಿಡಿಯುವುದಿಲ್ಲ. ಆದರೆ ಎಳೆ ಪೆಡಸು. ವರ್ಷ ಕಳೆದಂತೆ ಮುರಿದು ಪುಡಿಯಾಗಿ ತಗ್ಗುತ್ತದೆ, ಮಾಮೂಲು ಹತ್ತಿಯ ಹಾಗೆ ಹಿಂಜಿಸಲು ಬರುವುದಿಲ್ಲ. ತುಂಬುವಾಗ ಬೀಜ ಒಂದೂ ಉಳಿಯದಂತೆ ಆರಿಸಿ. ಬೀಜದಲ್ಲಿ ಎಣ್ಣೆಯಂಶ ಇರುವುದರಿಂದ ಅಟ್ಟದ ಇಲಿ ಹುಡುಕಿಕೊಂಡು ಬರುತ್ತದೆ. ಎರಡು ಪದರದ ಒತ್ತು ನೇಯ್ಗೆಯ ಬಟ್ಟೆ ಬೇಕು, ಇಲ್ಲದಿದ್ದರೆ ನವುರು ಎಳೆ ಹೊರಬಂದು ಮೂಗಿಗೆ ಹೋಗುತ್ತದೆ. ಉಬ್ಬಸ ಇರುವವರು ಇದರ ತಂಟೆಗೆ ಹೋಗದಿರುವುದೇ ಲೇಸು. ಇನ್ನೊಂದು, ಇದು ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತು.

ಫೈಬರ್: ಪೇಟೆಯಲ್ಲಿ ಸಿಗುವ ಹೆಚ್ಚಿನ ದಿಂಬುಗಳಲ್ಲಿರುವುದು ಪಾಲಿಯೆಸ್ಟರ್ ಎಳೆ. ತೇವ ಹಿಡಿಯುವುದಿಲ್ಲ, ಮನೆಯಲ್ಲೇ ತೊಳೆಯಬಹುದು, ಬೆಲೆಯೂ ಕಡಿಮೆ. ಬೇಗ ತಗ್ಗುತ್ತದೆ. ಒಂದೆರಡು ವರ್ಷಕ್ಕೆ ಬದಲಾಯಿಸುವ ತಯಾರಿ ಇಟ್ಟುಕೊಂಡೇ ಕೊಳ್ಳಿ. ಘಟ್ಟದಂಚಿನ ಮನೆಗಳಿಗೆ ನಾನು ಮೊದಲು ಹೇಳುವುದು ಜಿಪ್ ಇರುವ ಫೈಬರ್ ದಿಂಬನ್ನೇ. ಎತ್ತರ ಹೆಚ್ಚಾದರೆ ಒಳಗಿನದನ್ನು ತೆಗೆದಿಡಬಹುದು, ತಗ್ಗಿದಾಗ ಅದನ್ನೇ ವಾಪಸ್ ತುಂಬಬಹುದು.

ಮೆಮೊರಿ ಫೋಮ್: ತಲೆಯ ಬಿಸಿಗೆ ಮೆತ್ತಗಾಗಿ ಆಕಾರ ಹಿಡಿಯುವ ವಸ್ತು. ಚಳಿಗೆ ಅದೇ ಕಾರಣಕ್ಕೆ ಬಿಗಿಯಾಗುತ್ತದೆ. ಜನವರಿಯ ರಾತ್ರಿ ಮೊದಲ ಹತ್ತು ನಿಮಿಷ ಹಲಗೆಯ ಹಾಗೆ ಅನ್ನಿಸಿದರೆ ಅದು ದೋಷವಲ್ಲ, ಅದರ ಸ್ವಭಾವ. ಒಳಗೆ ನೀರು ಹೋದರೆ ಒಣಗುವುದು ಬಹಳ ನಿಧಾನ, ಆದ್ದರಿಂದ ತೊಳೆಯುವಂತಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗುವವರಿಗೂ ಇದಕ್ಕೂ ಹೊಂದುವುದಿಲ್ಲ.

ಲ್ಯಾಟೆಕ್ಸ್: ರಬ್ಬರ್ ಹಾಲಿನಿಂದ ಮಾಡಿದ್ದು. ಬೆಲೆ ಜಾಸ್ತಿ, ತೂಕ ಜಾಸ್ತಿ, ಬಾಳಿಕೆಯೂ ಜಾಸ್ತಿ. ಎತ್ತರ ವರ್ಷಗಟ್ಟಲೆ ಹೆಚ್ಚುಕಡಿಮೆ ಹಾಗೇ ಉಳಿಯುವುದರಿಂದ ಮಗ್ಗುಲಾಗಿ ಮಲಗುವವರಿಗೆ ಒಪ್ಪುತ್ತದೆ. ಆದರೆ ಎತ್ತರ ತಪ್ಪಿ ಕೊಂಡರೆ ತಿದ್ದಲು ದಾರಿಯಿಲ್ಲ. ರಬ್ಬರ್ ಕೈಗವಸು ಹಾಕಿಕೊಂಡರೆ ತುರಿಕೆ ಬರುವವರು ಇದನ್ನು ಮುಟ್ಟಬೇಡಿ.

ಹಂತ 5: ಅಂಗಡಿಯಲ್ಲಿ

ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಲಿ, ನಿಮ್ಮೂರ ಹಾಸಿಗೆ ಅಂಗಡಿಗೇ ಹೋಗಲಿ, ಎತ್ತರ ಎಷ್ಟು ಬರ್ತದೆ ಎಂದು ಕೇಳಿದರೆ "ಫುಲ್ ಸಾಫ್ಟ್ ಉಂಟು ಅಕ್ಕ, ಒತ್ತಿ ನೋಡಿ" ಎಂಬ ಉತ್ತರಕ್ಕೆ ಸಿದ್ಧರಾಗಿರಿ. ಒತ್ತಬೇಡಿ. ಚೀಟಿ ತೆಗೆದು, ಟೇಪು ಹಿಡಿಯಿರಿ.

ಪಾಕೆಟ್ಟಿನ ಮೇಲೆ 16×24, 17×27, 18×28 ಎಂದು ಇಂಚಿನಲ್ಲಿ ಬರೆದಿರುವುದು ಉದ್ದಗಲ ಮಾತ್ರ. ಹೊರಳಾಡುವವರಿಗೆ ಉದ್ದ ಹೆಚ್ಚಿರುವುದು ಒಳ್ಳೆಯದು, ಅಷ್ಟೇ. ಎತ್ತರ ಬರೆದಿದ್ದರೂ ಅದು ಉಬ್ಬಿದ ಸ್ಥಿತಿಯದ್ದು. ತಲೆ ಇಟ್ಟರೆ ಫೈಬರ್ ದಿಂಬು ತೀರ ತಗ್ಗುತ್ತದೆ, ಲ್ಯಾಟೆಕ್ಸ್ ಕಡಿಮೆ ತಗ್ಗುತ್ತದೆ. ಅಂಗಡಿಯವರನ್ನು ಕೇಳಿ ಅಲ್ಲಿರುವ ಹಾಸಿಗೆಯ ಮೇಲೆ ಐದು ನಿಮಿಷ ಮಲಗಿ, ಜೊತೆಗೆ ಬಂದವರು ಫೋಟೊ ತೆಗೆಯಲಿ. ನಾಚಿಕೆ ಬೇಡ, ದುಡ್ಡು ಕೊಡುವವರು ನೀವು.

ಫೈಬರ್ ದಿಂಬನ್ನು ನಡುವೆ ಮಡಚಿ ಒತ್ತಿ ಬಿಡಿ. ಚಿಮ್ಮಿ ಬಿಡಿಸಿಕೊಂಡರೆ ಎಳೆಯಲ್ಲಿ ಜೀವ ಇದೆ. ಮಡಚಿದಂತೆಯೇ ಬಿದ್ದುಕೊಂಡರೆ ಅಲ್ಲೇ ಬಿಡಿ. ಹತ್ತಿ ದಿಂಬಾದರೆ ಹೊಲಿಗೆಯ ಬದಿಯಲ್ಲಿ ಮೂಗಿಟ್ಟು ನೋಡಿ. ಹಳೆಯ ಹತ್ತಿ, ಗಿರಣಿಯ ಚಿಂದಿ ಬೆರೆಸಿದ್ದರೆ ವಾಸನೆ ಮೊದಲು ಹೇಳುತ್ತದೆ. ಕೈಯಾಡಿಸಿದಾಗ ಗಟ್ಟಿ ಉಂಡೆ ಸಿಕ್ಕರೂ ಬೇಡ.

"ಆರ್ಥೊ" ಎಂದು ಅಚ್ಚಾಗಿರುವುದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ನಿಮ್ಮ ಭುಜದ ಅಳತೆ ಆ ಕಂಪನಿಗೆ ಗೊತ್ತಿಲ್ಲ. ಎರಡರ ಜೋಡಿ ಅಗ್ಗ ಎಂದು ಗಂಡ ಹೆಂಡತಿಗೆ ಒಂದೇ ಥರದ್ದು ಕೊಳ್ಳುವುದು ಮತ್ತೊಂದು ಮಾಮೂಲು ತಪ್ಪು. ಒಬ್ಬರಿಗೆ 5 ಇಂಚು ಬೇಕು, ಇನ್ನೊಬ್ಬರಿಗೆ 3. ಆನ್‌ಲೈನಿನಲ್ಲಿ ತರಿಸುವವರು ಸೀಲು ಒಡೆದ ಮೇಲೆ ವಾಪಸ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಓದಿಕೊಂಡೇ ಆರ್ಡರ್ ಹಾಕಿ. ಗಾಳಿ ಹೀರಿ ಸುತ್ತಿ ಕಳಿಸಿದ ದಿಂಬು ಪೂರ್ತಿ ಉಬ್ಬಲು ಒಂದು ದಿನ ಬೇಕು. ಬಂದ ರಾತ್ರಿಯೇ ತೀರ್ಪು ಕೊಡಬೇಡಿ.

ಹಂತ 6: ಮನೆಗೆ ತಂದ ಮೇಲೆ ಅಕ್ಕಿ ಚೀಲದ ಪರೀಕ್ಷೆ

ದೊಡ್ಡವರ ತಲೆಯ ತೂಕ ಸುಮಾರು 4.5ರಿಂದ 5 ಕೆ.ಜಿ. ಹಾಗಾಗಿ ದಿಂಬಿನ ನಡುವೆ ತೆಳು ಬಟ್ಟೆ ಹಾಸಿ 5 ಕೆ.ಜಿ. ಅಕ್ಕಿ ಚೀಲವನ್ನು ತಲೆಯಷ್ಟು ಅಗಲಕ್ಕೆ ಕೂಡಿಸಿಕೊಂಡು ಇಡಿ. ಹತ್ತು ನಿಮಿಷ ಬಿಟ್ಟು ಚೀಲದ ತಳದಿಂದ ನೆಲದವರೆಗೆ ಸ್ಕೇಲು ಹಿಡಿಯಿರಿ. ಚೀಟಿಯಲ್ಲಿರುವ ಅಂಕಿಗೆ ಅರ್ಧ ಇಂಚಿನ ಆಚೀಚೆ ಬಂದರೆ ಸರಿಯಾದದ್ದೇ ಸಿಕ್ಕಿದೆ. ಜಾಸ್ತಿ ಬಂದರೆ ಜಿಪ್ ತೆಗೆದು ತುಸು ಕಡಿಮೆ ಮಾಡಿ. ಕಡಿಮೆ ಬಂದರೆ ದಿಂಬಿನ ಅಡಿಗೆ ಒಂದು ಮಡಚಿದ ಪಂಚೆ.

ಹೊಸ ಎತ್ತರಕ್ಕೆ ಕತ್ತು ಒಗ್ಗಿಕೊಳ್ಳಲು ಒಂದೆರಡು ವಾರ ಹಿಡಿಯಬಹುದು. ಸ್ವಲ್ಪ ಬಿಗಿತ ಸಹಜ, ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಆದರೆ ಕೈಬೆರಳಿನ ಜೋಮು ಹಗಲಿನಲ್ಲೂ ಉಳಿದರೆ, ಹಿಡಿತ ಸಡಿಲವಾಗಿ ಲೋಟ ಜಾರಿದರೆ, ನೋವು ಕತ್ತಿನಿಂದ ತೋಳಿಗೆ ಇಳಿದರೆ ಅದು ದಿಂಬಿನ ವಿಷಯವಲ್ಲ, ಡಾಕ್ಟರಿಗೆ ತೋರಿಸಿ. ಜ್ವರದ ಜೊತೆ ಕತ್ತು ಸೆಟೆದುಕೊಂಡಿದ್ದರೆ, ಅಥವಾ ಮರದಿಂದಲೋ ಬೈಕಿನಿಂದಲೋ ಬಿದ್ದ ಮೇಲೆ ಶುರುವಾದ ನೋವಾದರೆ ಒಂದು ರಾತ್ರಿಯೂ ಕಾಯಬಾರದು.

ಹಂತ 7: ಲೆಕ್ಕ ಬೇರೆಯಾಗುವವರು

ಒಂದು ವರ್ಷದೊಳಗಿನ ಕೂಸಿಗೆ ಮಲಗುವಾಗ ಯಾವ ದಿಂಬೂ ಬೇಡ. ತಲೆ ದುಂಡಗಾಗಲಿ ಎಂದು ಕೊಡುವ ಸಾಸಿವೆ ದಿಂಬು, ರಾಗಿ ದಿಂಬೂ ಬೇಡ. ಮುಖ ಒಂದು ಕಡೆ ಹೊರಳಿ ದಿಂಬಿಗೆ ಒತ್ತಿಕೊಂಡರೆ ಮಗುವಿಗೆ ತಿರುಗಿಕೊಳ್ಳಲು ಬರುವುದಿಲ್ಲ, ಉಸಿರು ಕಟ್ಟುತ್ತದೆ. ಅಂಗಾತ ಮಲಗಿಸಿ. ಎಚ್ಚರವಿರುವಾಗ, ನೀವು ಪಕ್ಕದಲ್ಲೇ ಇದ್ದು, ಬೋರಲು ಹಾಕಿ ಆಡಿಸಿ. ಅಜ್ಜಿಯಂದಿರಿಗೆ ಇದನ್ನು ಒಪ್ಪಿಸುವುದು ಕಷ್ಟವೇ. ಆದರೂ ಬಿಟ್ಟುಕೊಡಬೇಡಿ.

ರಾತ್ರಿ ಹುಳಿತೇಗು, ಎದೆಯುರಿ ಬರುವವರು ದಿಂಬಿನ ಮೇಲೆ ದಿಂಬು ಪೇರಿಸುತ್ತಾರೆ. ಅದರಿಂದ ಹೊಟ್ಟೆ ಮಡಚಿಕೊಂಡು ಉರಿ ಹೆಚ್ಚಲೂಬಹುದು. ಅದರ ಬದಲು ಮಂಚದ ತಲೆಕಡೆಯ ಕಾಲುಗಳಡಿ 6ರಿಂದ 8 ಇಂಚಿನ ಗಟ್ಟಿ ಮರದ ತುಂಡು ಕೊಡಿ, ಮಂಚ ಜಾರದಂತೆ ನೋಡಿಕೊಳ್ಳಿ. ದಿಂಬು ನಿಮ್ಮ ಅಳತೆಯದ್ದೇ ಇರಲಿ. ಬಸುರಿಯರು ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಇಟ್ಟುಕೊಂಡರೆ ಸೊಂಟಕ್ಕೆ ಆರಾಮ. ಅದಕ್ಕೆ ಹಳೆಯದೇ ಸಾಕು.

ಹಂತ 8: ಮಳೆಗಾಲ ದಾಟಿಸುವುದು

ದಿಂಬಿಗೆ ಎರಡು ಬಟ್ಟೆ ಬೇಕು: ಜಿಪ್ ಇರುವ ಒಳಗವಸು, ಅದರ ಮೇಲೆ ದಿನಬಳಕೆಯ ಕವರ್. ಬೆವರು, ಎಣ್ಣೆ ಒಳಗಿನವರೆಗೆ ಇಳಿಯದಂತೆ ತಡೆಯುವುದು ಒಳಗವಸಿನ ಕೆಲಸ. ಮೇಲಿನದನ್ನು ವಾರಕ್ಕೊಮ್ಮೆ ಒಗೆಯಿರಿ. ಕವರನ್ನು ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಧೂಳಿನ ನುಸಿ ಸಾಯುತ್ತದೆ. ಬಚ್ಚಲ ಹಂಡೆಯಲ್ಲಿ ಚೆನ್ನಾಗಿ ಕಾದ, ಕೈ ಹಾಕಲಾರದಷ್ಟು ಬಿಸಿಯಾದ ನೀರು ಇದ್ದರೆ ಆಯಿತು. ಈ ನುಸಿಗೆ ತೇವದ ಗಾಳಿಯೇ ಬೇಕು. ಮಳೆಗಾಲದಲ್ಲಿ ಎದ್ದ ಕೂಡಲೇ ಸಾಲು ಸೀನು ಬರುವವರು ಮೊದಲು ದಿಂಬನ್ನು ಅನುಮಾನಿಸಬೇಕು.

ಬೆಳಿಗ್ಗೆ ಎದ್ದವರೇ ಹಾಸಿಗೆ ಸುತ್ತಿ, ದಿಂಬನ್ನು ಒಳಗಿಟ್ಟು, ಮೇಲೆ ಕಂಬಳಿ ಹೊದಿಸಿಡುವ ಪದ್ಧತಿ ಬೇಸಿಗೆಗೆ ಸರಿ. ಆಷಾಢದಲ್ಲಿ ರಾತ್ರಿಯ ಬೆವರು ಅಲ್ಲೇ ಕೂಡಿಹಾಕಿಕೊಳ್ಳುತ್ತದೆ. ಆಗ ದಿಂಬನ್ನು ಗೋಡೆಗೆ ತಾಗದಂತೆ ನಿಲ್ಲಿಸಿ, ಒಂದು ಗಂಟೆ ಫ್ಯಾನ್ ಗಾಳಿ ಬಿಡಿ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿನಲ್ಲಿ ಮಲಗುವುದಂತೂ ಬೂಷ್ಟಿಗೆ ನಾವೇ ಕೊಡುವ ಆಹ್ವಾನ.

ಮಳೆ ಹೊಳವಾದ ದಿನ ಹತ್ತಿ ದಿಂಬನ್ನು ಜಗಲಿಯಾಚೆ ಬಿಸಿಲಿಗಿಟ್ಟು, ಮಧ್ಯಾಹ್ನ ಮಗುಚಿ, ಬಿಸಿಲು ಇಳಿಯುವ ಮೊದಲೇ ಒಳಗೆ ತನ್ನಿ. ಸಂಜೆಯವರೆಗೆ ಬಿಟ್ಟರೆ ಹಗಲಿಡೀ ಆರಿದ್ದು ಇಬ್ಬನಿಗೆ ವಾಪಸ್ ತೇವವಾಗುತ್ತದೆ. ಲ್ಯಾಟೆಕ್ಸ್ ಮತ್ತು ಫೋಮಿಗೆ ಬಿಸಿಲು ಬೇಡ. ಲ್ಯಾಟೆಕ್ಸ್ ಬಿಸಿಲಿಗೆ ಪೆಡಸಾಗಿ ಉದುರುತ್ತದೆ. ನೆರಳಿನ ಗಾಳಿ ಸಾಕು.

ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಜಾಗದಲ್ಲಿ ದಿಂಬು ಹಾಕಬೇಡಿ. ಹೊಗೆ ವಾಸನೆ ಹೋಗುವುದಿಲ್ಲ ಎನ್ನುವುದು ಸಣ್ಣ ಮಾತು. ಬೂರುಗದ ಹತ್ತಿಯದಾದರೆ ಒಂದು ಕಿಡಿ ಸಾಕು.

ಫೈಬರ್ ದಿಂಬು ತೊಳೆಯುವುದಿದ್ದರೆ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮೆಷಿನ್ನಿಗೆ ಎರಡನ್ನು ಒಟ್ಟಿಗೆ ಹಾಕಿ, ಒಂದೇ ಹಾಕಿದರೆ ಡ್ರಮ್ಮು ಒಂದು ಕಡೆಗೆ ತೂಗುತ್ತದೆ. ಸೋಪು ಕಡಿಮೆ, ಜಾಲಿಸುವುದು ಎರಡು ಸಲ. ಹೊರಗೆ ಆರಿದಂತೆ ಕಂಡರೂ ನಡುಭಾಗವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯಿರಿ. ತಣ್ಣಗೆ ತಾಗಿದರೆ ಇನ್ನೊಂದು ದಿನದ ಬಿಸಿಲು ಬೇಕು.

ಹಂತ 9: ಎಸೆಯುವುದು ಯಾವಾಗ, ಎಲ್ಲಿಗೆ

ಕಪ್ಪು ಚುಕ್ಕಿ ಕವರಿನಲ್ಲಿ ಮಾತ್ರ ಇದ್ದರೆ ಕವರ್ ಒಗೆದರೆ ಆಯಿತು. ಗವಸು ಬಿಚ್ಚಿ ನೋಡಿದಾಗ ಒಳಗಿನ ಹತ್ತಿಗೋ ಫೋಮಿಗೋ ಹಿಡಿದಿದ್ದರೆ ಬಿಸಿಲೂ ಬೇಡ, ಸುಗಂಧವೂ ಬೇಡ, ತೆಗೆದುಬಿಡಿ. ಅಕ್ಕಿ ಚೀಲದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿ. ಚೀಟಿಯ ಅಂಕಿಗಿಂತ ಒಂದು ಇಂಚು ಕೆಳಗೆ ಹೋಗಿದ್ದರೆ, ಮತ್ತೆ ತುಂಬಲು ದಾರಿಯಿಲ್ಲದಿದ್ದರೆ, ಅದರ ಆಯಸ್ಸು ಮುಗಿದಿದೆ.

ಬೂಷ್ಟು ಹಿಡಿಯದ ಹಳೆಯ ಹತ್ತಿಯನ್ನು ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಹಿಂಜಿಸಿ, ಹೊಸ ಹತ್ತಿ ಸ್ವಲ್ಪ ಬೆರೆಸಿ, ಮತ್ತೆ ತುಂಬಿಸಬಹುದು. ಫೈಬರ್ ಕುರ್ಚಿಯ ಮೆತ್ತೆಗೆ ಆಗುತ್ತದೆ. ಫೋಮನ್ನು ಮಾತ್ರ ಬಚ್ಚಲ ಒಲೆಗೆ ತುರುಕಬೇಡಿ. ಅದು ಉರಿದರೆ ಬರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಎರಡೂ ಇರುತ್ತವೆ, ಮುಚ್ಚಿದ ಬಚ್ಚಲಮನೆಯಲ್ಲಿ ಜೀವಕ್ಕೇ ಅಪಾಯ. ಕಸದ ಗಾಡಿ ಬರುವ ದಿನ ಒಣಕಸದ ಜೊತೆ ಹಾಕಿ.